ಬಿಲ್ಲಿನ ಜೊತೆ ತೂಕದ ಚೀಟಿ ಯಾಕಿಲ್ಲ?

ಮೊದಲೇ ಹೇಳಿಬಿಡ್ತೀನಿ, ನನ್ನ ಸಿಟ್ಟು ಯಾವುದೋ ಒಂದು ಗ್ಯಾರೇಜಿನ ಮೇಲಲ್ಲ, ಒಂದು ಮಾತಿನ ಮೇಲೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ, ಎಲ್ಲಿ ಗಾಡಿ ಒಯ್ದು ನಿಲ್ಲಿಸಿದರೂ ಆ ಮಾತು ಕಿವಿಗೆ ಬೀಳುತ್ತೆ. ದೊಡ್ಡ ಊರಿಗೆ ಹೋಗಿ, ಎಸಿ ಹಾಕಿಕೊಂಡ ಆಫೀಸಿರೋ ಗ್ಯಾರೇಜಿನಲ್ಲಿ ಕೂತು ಕಾಫಿ ಕುಡಿದರೂ ಬೀಳುತ್ತೆ. ಅಲ್ಲಿ ಸ್ವಲ್ಪ ಇಂಗ್ಲಿಷ್ ಸೇರಿರುತ್ತೆ ಅಷ್ಟೇ. ಆ ಮಾತು: ‘ನಡೀತೈತಿ ಬಿಡ್ರಿ.’

ನಡೆಯುತ್ತೆ, ನಿಜ. ಎಷ್ಟು ದಿನ, ಎಲ್ಲಿವರೆಗೆ ಅನ್ನೋದು ಪ್ರಶ್ನೆ. ನನ್ನ ಜಿಪ್ಸಿ ಆರು ತಿಂಗಳು ನಡೀತು. ಆಮೇಲೆ ಅಣಶಿ ಘಾಟಿನಲ್ಲಿ, ಸಂಜೆ ಆರೂವರೆಗೆ, ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲದ ತಿರುವಿನಲ್ಲಿ ನಿಂತಿತು.

ಕಥೆ ಶುರುವಾಗಿದ್ದು ಅದಕ್ಕೂ ಹಿಂದಿನ ಮಳೆಗಾಲದಲ್ಲಿ. ಜೋಯಿಡಾ ತಾಲೂಕಿನ ಮಳೆ ಗೊತ್ತಿದ್ದವರಿಗೆ ಹಳ್ಳ ದಾಟೋದೂ ಗೊತ್ತಿರುತ್ತೆ. ಮೊಳಕಾಲುದ್ದ ಅಂದುಕೊಂಡು ಇಳಿಸಿದೆ, ಸೊಂಟದುದ್ದ ಇತ್ತು. ಇಂಜಿನ್ ಗಾಳಿಯ ಬದಲು ನೀರು ಎಳೆದುಕೊಂಡಿತು. ಗಾಳಿಯನ್ನು ಒತ್ತಿ ಸಣ್ಣದು ಮಾಡಬಹುದು, ನೀರನ್ನು ಆಗೋದಿಲ್ಲ. ಪಿಸ್ಟನ್ ಮೇಲೆ ಬರ್ತಾ ಇದೆ, ಮೇಲೆ ನೀರು ತುಂಬಿದೆ, ನಡುವೆ ಸಿಕ್ಕ ಕನೆಕ್ಟಿಂಗ್ ರಾಡ್ ಬಾಗಿತು. ತಪ್ಪು ನನ್ನದೇ, ಅದರಲ್ಲಿ ಯಾರನ್ನೂ ದೂರಲ್ಲ.

ಹೆಂಗೂ ಇಂಜಿನ್ ಬಿಚ್ಚಬೇಕಲ್ಲ, ಜೊತೆಗೆ ಸ್ವಲ್ಪ ‘ಪರ್ಫಾರ್ಮೆನ್ಸ್’ ಕೆಲಸವೂ ಆಗಲಿ ಅಂತ ಆಸೆಪಟ್ಟೆ. ಜಿಪ್ಸಿಯ 1298 ಸಿಸಿ ಇಂಜಿನ್ ಅಂದ್ರೆ ನಮ್ಮ ದೇಶದ ರ‍್ಯಾಲಿ ಹುಡುಗರು ದಶಕಗಟ್ಟಲೆ ಕೈ ಪಳಗಿಸಿಕೊಂಡ ಇಂಜಿನ್. 74 ಮಿಲಿಮೀಟರ್ ಬೋರ್, 75.5 ಮಿಲಿಮೀಟರ್ ಸ್ಟ್ರೋಕ್. ಹದಿನಾರು ವಾಲ್ವಿನ ಮಾಡೆಲ್ಲು ತನ್ನ ಪೂರ್ತಿ ಶಕ್ತಿ ಕೊಡೋದು 6000 ಆರ್‌ಪಿಎಮ್ಮಿನಲ್ಲಿ. ಅಂದ್ರೆ ಇದು ಗಾಣದೆತ್ತಿನ ಹಾಗೆ ನಿಧಾನಕ್ಕೆ ತಿರುಗೋ ಇಂಜಿನ್ ಅಲ್ಲ, ಹಿಂಡಿದಷ್ಟೂ ಕೊಡೋ ಇಂಜಿನ್. ದೊಡ್ಡ ಊರಿನ ಒಂದು ಗ್ಯಾರೇಜಿಗೆ ಕೊಟ್ಟೆ. ರಿಬೋರ್, 0.50 ಓವರ್‌ಸೈಜ್ ಪಿಸ್ಟನ್, ಹೆಡ್ ಪೋರ್ಟಿಂಗ್, ಫ್ರೀ ಫ್ಲೋ ಎಕ್ಸಾಸ್ಟು, ಹಗುರ ಮಾಡಿದ ಫ್ಲೈವ್ಹೀಲ್. ಬಿಲ್ಲು ಮೂರು ಪುಟ. ಗಾಜಿಗೆ ಅಂಟಿಸಿಕೊಳ್ಳೋಕೆ ಎರಡು ಸ್ಟಿಕ್ಕರ್ ಪುಕ್ಕಟೆ.

ಬಾಗಿದ ಒಂದು ರಾಡಿನ ಬದಲು ಬೇರೆ ಯಾವುದೋ ಹಳೇ ಇಂಜಿನ್ನಿನ ಒಂದು ರಾಡು ಹಾಕಿದ್ದರು. ಅದನ್ನವರು ಮುಚ್ಚಿಡಲೂ ಇಲ್ಲ. ‘ಸೇಮ್ ಪಾರ್ಟ್ ನಂಬರ್ ಸರ್’ ಅಂದರು. ನಾನೂ ತಲೆಯಾಡಿಸಿದೆ.

ಗಾಡಿ ಊರಿಗೆ ಬಂತು. ಐಡ್ಲಿಂಗಿನಲ್ಲಿ ಹಾಲು ಕಾಯಿಸಿದ ಹಾಗೆ ಸದ್ದು. 3000ದವರೆಗೂ ಚೆಂದ. 4000 ದಾಟಿದರೆ ಕನ್ನಡಿಯಲ್ಲಿ ಹಿಂದಿನ ರಸ್ತೆ ಮಸುಕಾಗುತ್ತೆ, ಗೇರ್ ಲಿವರ್ ಕೈಯಲ್ಲಿ ಜುಮ್ ಅನ್ನುತ್ತೆ, ಡ್ಯಾಶ್‌ಬೋರ್ಡಿನ ಮೇಲಿಟ್ಟ ನಾಣ್ಯ ತಾನೇ ಜಾಗ ಬಿಡುತ್ತೆ. ಫೋನ್ ಮಾಡಿ ಕೇಳಿದರೆ, ‘ಸರ್, ರೇಸ್ ಇಂಜಿನ್ ಅಂದ್ರೆ ಹಂಗೇ, ಫೀಲ್ ಬರ್ಬೇಕಲ್ವಾ.’ ಊರಿನ ಮಿಸ್ತ್ರಿ ನೋಡಿ, ‘ಇಂಜಿನ್ ಮೌಂಟಿಂಗ್ ಹೋಗಿರಬೇಕ್ರಿ’ ಅಂದ, ಮೂರೂ ಬದಲಿಸಿದ. ನಡುಕ ಸ್ವಲ್ಪ ಕಡಿಮೆ ಆಯ್ತು. ಇಬ್ಬರೂ ಒಟ್ಟಿಗೆ ಅಂದೆವು: ನಡೀತೈತಿ ಬಿಡು.

ನೆನಪಿಡಿ, ಹೊಸ ಮೌಂಟಿಂಗ್ ರಬ್ಬರು ನಡುಕವನ್ನು ನಮ್ಮಿಂದ ಬಚ್ಚಿಟ್ಟಿತೇ ಹೊರತು ಬೇರಿಂಗಿನಿಂದ ಬಚ್ಚಿಡಲಿಲ್ಲ. ಹಲ್ಲುನೋವಿಗೆ ಮಾತ್ರೆ ನುಂಗಿದ ಹಾಗೆ. ನೋವು ಹೋಗುತ್ತೆ, ಹುಳುಕು ಉಳಿಯುತ್ತೆ.

ಘಾಟಿನಲ್ಲಿ ನಿಂತ ಮೇಲೆ ಗಾಡಿಯನ್ನು ಎಳೆಸಿಕೊಂಡು ದಾಂಡೇಲಿಗೆ ಬಂದಾಗ ನೋಡೋಕೆ ಬಂದವರು ನಮ್ಮ ಸೋದರಮಾವ. ಇಡೀ ಜೀವಮಾನ ಪೇಪರ್ ಮಿಲ್ಲಿನ ಮೆಂಟೆನೆನ್ಸಿನಲ್ಲಿ ಫಿಟರ್ ಆಗಿ ದುಡಿದವರು. ಓಪನ್ ಮಾಡಿದ ಇಂಜಿನ್ ನೋಡಿದರು. ಬಿಗ್ ಎಂಡ್ ಬೇರಿಂಗು ಒಂದರಲ್ಲಿ ತಾಮ್ರ ಕಾಣ್ತಾ ಇತ್ತು, ಹಿಂದಿನ ಮೇನ್ ಬೇರಿಂಗು ಒಂದೇ ಮಗ್ಗುಲಿಗೆ ಸವೆದಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ.

‘ತಮ್ಮಾ, ತೂಕಾ ಹಾಕ್ಯಾರೇನು?’

‘ಯಾವುದರ ತೂಕ ಮಾಮಾ?’

‘ಎಲ್ಲಾದರದೂ.’

ಹಳಿಯಾಳ ಪೇಟೆಯಲ್ಲಿ ಪರಿಚಯದ ಒಬ್ಬ ಬಂಗಾರದಂಗಡಿಯವರ ಹತ್ತಿರ ಡಿಜಿಟಲ್ ತಕ್ಕಡಿ ಇತ್ತು. ರಾಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆವು. ಅವರು ನಕ್ಕರು, ಆದರೂ ತೂಗಿಕೊಟ್ಟರು. ಮೂರು ರಾಡುಗಳ ನಡುವಿನ ವ್ಯತ್ಯಾಸ ಒಂದು ಗ್ರಾಂ ಒಳಗೆ. ನಾಲ್ಕನೆಯದು, ಅದೇ ‘ಸೇಮ್ ಪಾರ್ಟ್ ನಂಬರ್’ ರಾಡು, 18 ಗ್ರಾಂ ಹೆಚ್ಚು.

ಹದಿನೆಂಟು ಗ್ರಾಂ ಏನು ಮಹಾ ಅಂತೀರಾ? ನಾನೂ ಅಂದೆ. ಮಾವ ಕಾಗದ ತಗೊಂಡು ಲೆಕ್ಕ ಬರೆದರು. ತಿರುಗೋ ವಸ್ತು ಹೊರಗೆ ಎಳೆಯೋ ಬಲ ಅಂದ್ರೆ ತೂಕ, ನಡುವಿನಿಂದ ಅದಿರೋ ದೂರ, ತಿರುಗೋ ವೇಗದ ವರ್ಗ, ಈ ಮೂರರ ಗುಣಾಕಾರ. ಕೊನೆಯ ಪದ ಗಮನಿಸಿ: ವರ್ಗ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ನನ್ನ ಇಂಜಿನ್ನಿನ ಸ್ಟ್ರೋಕಿನಲ್ಲಿ ಅರ್ಧ, ಅಂದ್ರೆ 37.75 ಮಿಲಿಮೀಟರ್, ಕ್ರ್ಯಾಂಕಿನ ತ್ರಿಜ್ಯ. ಅಲ್ಲಿ 18 ಗ್ರಾಂ ಹೆಚ್ಚಿದ್ದರೆ 1500 ಆರ್‌ಪಿಎಮ್ಮಿನಲ್ಲಿ ಎಳೆತ ಎರಡು ಕೆ.ಜಿ.ಗೂ ಕಡಿಮೆ. 3000ಕ್ಕೆ ಸುಮಾರು 7 ಕೆ.ಜಿ. 6000ಕ್ಕೆ ಸುಮಾರು 27 ಕೆ.ಜಿ. ಐಡ್ಲಿಂಗಿನಲ್ಲಿ ಹಾಲು ಕಾಯಿಸಿದಂತಿದ್ದ ಇಂಜಿನ್ 4000 ದಾಟಿದ ಮೇಲೆ ಯಾಕೆ ಮೈಮೇಲೆ ದೇವರು ಬಂದಂತೆ ಕುಣೀತಿತ್ತು ಅನ್ನೋದಕ್ಕೆ ಉತ್ತರ ಅಲ್ಲೇ ಇದೆ. ಗ್ಯಾರೇಜಿನ ಬಾಗಿಲಲ್ಲಿ ಐಡ್ಲಿಂಗ್ ಕೇಳಿಸಿ ಗಾಡಿ ಒಪ್ಪಿಸೋದು ಅಂದ್ರೆ ಪರೀಕ್ಷೆ ಬರೆಸದೇ ಪಾಸು ಮಾಡಿದ ಹಾಗೆ.

ಅದಕ್ಕಿಂತ ದೊಡ್ಡ ಕಳ್ಳ ಬೇರೆ ಇದ್ದ. ಹಗುರ ಮಾಡಿದ ಫ್ಲೈವ್ಹೀಲ್. ಅದನ್ನು ಲೇತಿಗೆ ಕಚ್ಚಿಸಿ ಸಿಕ್ಕಷ್ಟು ಕಬ್ಬಿಣ ಕೆತ್ತಿದ್ದರು. ಆದರೆ ಅದು ಯಾವ ನಡುವಿನ ಸುತ್ತ ಇಂಜಿನ್ನಿನಲ್ಲಿ ತಿರುಗುತ್ತೋ ಅದೇ ನಡುವಿನ ಸುತ್ತ ಲೇತಿನಲ್ಲೂ ತಿರುಗಬೇಕಲ್ಲ? ಕೂದಲೆಳೆ ಅಷ್ಟು ಆಚೀಚೆ ಕೂತಿತ್ತು. ಆಮೇಲೆ ಬೆಳಗಾವಿ ಕಡೆಯ ಒಂದು ಮಷೀನ್ ಶಾಪಿನಲ್ಲಿ ಅದನ್ನು ಬ್ಯಾಲನ್ಸಿಂಗ್ ಯಂತ್ರಕ್ಕೆ ಹಾಕಿದಾಗ, ನಡುವಿನಿಂದ 120 ಮಿಲಿಮೀಟರ್ ದೂರದಲ್ಲಿ 9 ಗ್ರಾಂ ತೆಗೀಬೇಕು ಅಂತ ತೋರಿಸಿತು. ದೂರ ಹೆಚ್ಚಿರೋದರಿಂದ ಆ 9 ಗ್ರಾಮಿನ ಎಳೆತ 6000 ಆರ್‌ಪಿಎಮ್ಮಿನಲ್ಲಿ 43 ಕೆ.ಜಿ. ಮುಟ್ಟುತ್ತೆ. ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲ. ಆ ಚೀಲ ಕ್ರ್ಯಾಂಕಿನ ಹಿಂದಿನ ತುದಿಗೆ ಜೋತುಬಿದ್ದು, ಸೆಕೆಂಡಿಗೆ 100 ಸಲ ಸುತ್ತು ಹಾಕುತ್ತೆ. ಹಿಂದಿನ ಮೇನ್ ಬೇರಿಂಗು ಯಾಕೆ ಸವೆಯಿತು ಅಂತ ಇನ್ನೂ ಕೇಳಬೇಕಾ?

ನನ್ನನ್ನು ಚುಚ್ಚಿದ್ದು ಇದು. ದುಡ್ಡು ಕೊಟ್ಟು ಹಗುರ ಮಾಡಿಸಿದ ಭಾಗವೇ ಇಂಜಿನ್ನಿಗೆ ಭಾರವಾಯ್ತು. ಫ್ಲೈವ್ಹೀಲು ಕಂಪನಿ ಕೊಟ್ಟ ಹಾಗೇ ಇದ್ದಿದ್ದರೆ ಆ ಬೇರಿಂಗಿಗೆ ಈ ಗತಿ ಬರ್ತಿರಲಿಲ್ಲ. ನಾನು ಕೊಂಡದ್ದು ಪರ್ಫಾರ್ಮೆನ್ಸ್ ಅಲ್ಲ, ಮೂರು ಪುಟದ ಬಿಲ್ಲು ಕೊಟ್ಟು ಕೊಂಡ ಅನಾಹುತ.

ಈಗ ನಮ್ಮ ನೆಲದ ಮಾತಿಗೆ ಬರ್ತೀನಿ. ಈ ನಾಲ್ಕು ತಾಲೂಕಿನವರಿಗೆ ತಿರುಗೋ ವಸ್ತುವಿನ ಸಮತೂಕ ಗೊತ್ತಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ. ದಾಂಡೇಲಿಯ ಹೊಟ್ಟೆ ತುಂಬಿಸಿದ್ದೇ ಪೇಪರ್ ಮಿಲ್ಲು. ಪೇಪರ್ ಮಷೀನ್ ಅಂದ್ರೆ ಏನು? ಸಾಲುಸಾಲು ರೋಲುಗಳು, ಪಂಪುಗಳು, ಫ್ಯಾನುಗಳು. ರೋಲು ಸಮತೂಕ ಇಲ್ಲದಿದ್ದರೆ ಕಾಗದ ಹರಿಯುತ್ತೆ, ಬೇರಿಂಗು ಹೋಗುತ್ತೆ, ಮಷೀನ್ ನಿಲ್ಲುತ್ತೆ. ಪಕ್ಕದ ಅಂಬಿಕಾನಗರಕ್ಕೆ ಹೋಗಿ. ನಾಗಝರಿ ವಿದ್ಯುದಾಗಾರದಲ್ಲಿ ಕಾಳಿ ನದಿಯ ನೀರು ಆರು ಘಟಕ ತಿರುಗಿಸುತ್ತೆ. ಅಷ್ಟು ದೊಡ್ಡ ರೋಟರನ್ನು ‘ನಡೀತೈತಿ ಬಿಡ್ರಿ’ ಅಂತ ತಿರುಗಿಸೋಕಾಗುತ್ತಾ?

ಸಮತೂಕಕ್ಕೆ ಅಂತರರಾಷ್ಟ್ರೀಯ ಮಾನಕವೊಂದಿದೆ, ಹಿಂದೆ ಐಎಸ್ಒ 1940 ಅಂತಿದ್ದದ್ದು ಈಗ ಐಎಸ್ಒ 21940 ಆಗಿದೆ. ಯಾವ ಯಂತ್ರ ಎಷ್ಟು ನಿಖರವಾಗಿರಬೇಕು ಅಂತ ಅದರಲ್ಲಿ ದರ್ಜೆಗಳಿವೆ. ಪೇಪರ್ ಮಷೀನ್, ನೀರಿನ ಟರ್ಬೈನ್, ಫ್ಯಾನು, ಪಂಪು ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ, ಜಿ 6.3 ಅನ್ನೋ ದರ್ಜೆಯಲ್ಲಿ. ದಾಂಡೇಲಿಯ ಅನ್ನ, ಅಂಬಿಕಾನಗರದ ಕರೆಂಟು ಎರಡೂ ಒಂದೇ ಗೆರೆಯ ಕೆಳಗೆ. ಅದೇ ದರ್ಜೆಯನ್ನು 6 ಕೆ.ಜಿ. ತೂಕದ ಒಂದು ಫ್ಲೈವ್ಹೀಲಿಗೆ 6000 ಆರ್‌ಪಿಎಮ್ಮಿಗೆ ಲೆಕ್ಕ ಹಾಕಿದರೆ, 120 ಮಿಲಿಮೀಟರ್ ದೂರದಲ್ಲಿ ಉಳಿಯಬಹುದಾದ ತೂಕದ ತಪ್ಪು ಅರ್ಧ ಗ್ರಾಂ. ನನ್ನ ಫ್ಲೈವ್ಹೀಲಿನಲ್ಲಿ ಇದ್ದದ್ದು 9 ಗ್ರಾಂ, ಅಂದ್ರೆ ಹದಿನೆಂಟು ಪಟ್ಟು.

ಮಿಲ್ಲು, ಪವರ್ ಹೌಸು ದೊಡ್ಡವರ ಮಾತಾಯ್ತು ಅಂತೀರಾ? ಮುಂಡಗೋಡ ಕಡೆ ಮೆಕ್ಕೆಜೋಳ ಒಕ್ಕೋ ಯಂತ್ರ ಇಟ್ಟುಕೊಂಡ ರೈತರನ್ನು ಕೇಳಿ. ಡ್ರಮ್ಮಿನ ಒಂದು ಹಲ್ಲು ಮುರಿದರೆ ಬುದ್ಧಿವಂತ ರೈತ ಅದೊಂದನ್ನೇ ಬದಲಿಸೋದಿಲ್ಲ, ಎದುರಿಗಿರೋದನ್ನೂ ಬಿಚ್ಚಿ ಜೋಡಿಯಾಗಿ ಹೊಸದು ಹಾಕ್ತಾನೆ. ಇಲ್ಲಾಂದ್ರೆ ಯಂತ್ರ ನಿಂತ ಜಾಗದಿಂದ ನಡೆಯೋಕೆ ಶುರು ಮಾಡುತ್ತೆ ಅಂತ ಅವನಿಗೆ ಗೊತ್ತು. ಉಳವಿ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಬರೋರನ್ನು ಕೇಳಿ. ಎತ್ತು ಕೊಳ್ಳುವಾಗ ಜೋಡಿ ನೋಡ್ತಾರೆ. ಎತ್ತರ ಸರಿಯಿರಬೇಕು, ಹೆಜ್ಜೆ ಸರಿಯಿರಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅನ್ನೋ ಗಾದೆ ನಮ್ಮದೇ. ನಾಲ್ಕು ಪಿಸ್ಟನ್ನೂ ಒಂದು ನೊಗಕ್ಕೆ ಕಟ್ಟಿದ ನಾಲ್ಕು ಎತ್ತುಗಳೇ. ಎರಡು ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ, ಒಂದರ ಎಳೆತವನ್ನು ಇನ್ನೊಂದು ಕಳೆಯುತ್ತೆ. ಆದರೆ ಕಳೆಯೋದು ತೂಕ ಸಮ ಇದ್ದಾಗ ಮಾತ್ರ. ಇಷ್ಟು ತಿಳಿದ ಜನ ಕಾರಿನ ಬಾನೆಟ್ ಎತ್ತಿದ ಕೂಡಲೇ ಯಾಕೆ ಎಲ್ಲ ಮರೀತೀವಿ?

ನಾನು ಕೊಡೋ ಉತ್ತರ ಯಾರಿಗೂ ಇಷ್ಟ ಆಗಲಿಕ್ಕಿಲ್ಲ. ಮರೆಯೋದು ಮಿಸ್ತ್ರಿ ಅಲ್ಲ, ನಾವು. ಬ್ಯಾಲನ್ಸಿಂಗ್ ಕಣ್ಣಿಗೆ ಕಾಣೋದಿಲ್ಲ. ಎಕ್ಸಾಸ್ಟು ಕಾಣುತ್ತೆ, ಕೇಳಿಸುತ್ತೆ. ದಪ್ಪ ಟೈರು ಕಾಣುತ್ತೆ. ಮುಂದೆ ಸಾಲು ಲೈಟು ಹಾಕಿಸಿದರೆ ಫೋಟೋದಲ್ಲಿ ಬರುತ್ತೆ. ರಾಡಿನ ತೂಕ ಸರಿಮಾಡಿಸಿದ ಫೋಟೋ ಯಾರು ಹಾಕ್ತಾರೆ? ನಾವು ದುಡ್ಡು ಕೊಡೋದು ಕಾಣೋದಕ್ಕೆ, ಅದಕ್ಕೇ ಗ್ಯಾರೇಜಿನವರು ಮಾರೋದೂ ಕಾಣೋದನ್ನೇ. ಮಿಸ್ತ್ರಿ ಒಂದು ದಿನವಿಡೀ ಕೂತು ಪಿಸ್ಟನ್ ತೂಗಿ, ಒಳಗಡೆ ಒಂದೊಂದೇ ಗ್ರಾಂ ಕೆರೆದು ಸಮ ಮಾಡಿ, ಬಿಲ್ಲಿನಲ್ಲಿ ‘ಬ್ಯಾಲನ್ಸಿಂಗ್’ ಅಂತ ಒಂದು ಸಾಲು ಬರೆದರೆ ನಾವು ಮೊದಲು ಹೊಡೆದು ಹಾಕೋದೇ ಆ ಸಾಲನ್ನು. ‘ಇದೇನ್ರೀ ಹೊಸಾದು, ಕಂಪನಿಯಿಂದ ಬ್ಯಾಲನ್ಸ್ ಆಗೇ ಬಂದಿರತೈತಲ್ಲ?’

ಸರಿ, ಈ ವಾದಗಳಿಗೆ ಒಂದೊಂದಾಗಿ ಉತ್ತರ ಕೊಟ್ಟುಬಿಡೋಣ.

ಕಂಪನಿಯಿಂದ ಬ್ಯಾಲನ್ಸ್ ಆಗಿ ಬಂದಿರುತ್ತೆ ಅನ್ನೋದು ನಿಜ. ಆದರೆ ಕಂಪನಿ ಬ್ಯಾಲನ್ಸ್ ಮಾಡಿದ್ದು ಆ ಕ್ರ್ಯಾಂಕನ್ನು, ಆ ಫ್ಲೈವ್ಹೀಲನ್ನು. ರಾಡು, ಪಿಸ್ಟನ್ ತೂಕದ ಗುಂಪು ನೋಡಿ ಜೋಡಿಸಿದ್ದು ಆ ಸೆಟ್ಟನ್ನು. ನೀವು ಒಂದು ರಾಡು ಬದಲಿಸಿದಿರಿ, ಫ್ಲೈವ್ಹೀಲ್ ಕೆತ್ತಿಸಿದಿರಿ, ಬೇರೆ ಬ್ರ್ಯಾಂಡಿನ ಪಿಸ್ಟನ್ ತಂದಿರಿ. ಈಗ ಅದು ಕಂಪನಿಯ ಇಂಜಿನ್ ಅಲ್ಲ, ನಿಮ್ಮದು. ಲೆಕ್ಕವೂ ನಿಮ್ಮದೇ.

ನಾಲ್ಕು ಸಿಲಿಂಡರ್ ಸಾಲು ಇಂಜಿನ್ ಹುಟ್ಟಿನಿಂದಲೇ ಸಮತೂಕದ್ದು ಅನ್ನೋದು ಎರಡನೇ ವಾದ. ಅರ್ಧ ಸತ್ಯ. ಇಂಥ ಇಂಜಿನ್ನಿನ ಕ್ರ್ಯಾಂಕನ್ನು ಒಂಟಿಯಾಗಿ ಯಂತ್ರಕ್ಕೆ ಹಾಕಿ ಬ್ಯಾಲನ್ಸ್ ಮಾಡಬಹುದು. ವಿ-8 ಇಂಜಿನ್ನಿಗೆ ಬೇಕಾದ ಹಾಗೆ ಪಿಸ್ಟನ್ನಿನ ಬದಲಿಗೆ ಲೆಕ್ಕದ ತೂಕ ಕಟ್ಟಿ ತಿರುಗಿಸೋ ತಾಪತ್ರಯ ಇಲ್ಲ. ಅಂದ್ರೆ ನಮ್ಮ ಕೆಲಸ ಸುಲಭ. ಸುಲಭದ ಕೆಲಸವನ್ನೂ ಮಾಡಲ್ಲ ಅನ್ನೋದಕ್ಕೆ ಅದು ನೆಪವಾಗಬಾರದು. ಇನ್ನು ನಾಲ್ಕು ಸಿಲಿಂಡರಿನಲ್ಲಿ, ರಾಡು ಓರೆಯಾಗಿ ಓಡಾಡೋದರಿಂದ ಹುಟ್ಟುವ ಎರಡು ಪಟ್ಟು ವೇಗದ ಒಂದು ನಡುಕ ಉಳಿದೇ ಉಳಿಯುತ್ತೆ. ಅದು ವಿನ್ಯಾಸದ ಗುಣ, ತೂಕ ಸರಿಮಾಡಿದರೆ ಹೋಗೋದಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಅನ್ನೋ ಇಂಜಿನಿಯರು ಕಳೆದ ಶತಮಾನದ ಶುರುವಿನಲ್ಲೇ ಅದಕ್ಕೆ ಉಲ್ಟಾ ತಿರುಗೋ ಎರಡು ಶಾಫ್ಟಿನ ಉಪಾಯ ಹುಡುಕಿದ್ದ. 1970ರ ದಶಕದಲ್ಲಿ ಮಿತ್ಸುಬಿಷಿ ಅದನ್ನು ಮತ್ತೆ ಕಾರುಗಳಿಗೆ ತಂದಿತು. ಆ ನಡುಕದ ಹೆಸರು ಹೇಳಿ ಈ ನಡುಕವನ್ನು ಮುಚ್ಚಿಹಾಕೋದು ಮಾತ್ರ ಬೇಡ.

ಬ್ಯಾಲನ್ಸ್ ಮಾಡಿಸಿದರೆ ಎಷ್ಟು ಪವರ್ ಹೆಚ್ಚುತ್ತೆ ಅನ್ನೋದು ಮೂರನೇ ಪ್ರಶ್ನೆ. ಹೆಚ್ಚುಕಡಿಮೆ ಏನೂ ಇಲ್ಲ. ಇದನ್ನು ನಾನು ಗಟ್ಟಿಯಾಗೇ ಹೇಳ್ತೀನಿ, ಯಾಕೆಂದರೆ ಬ್ಯಾಲನ್ಸಿಂಗ್ ಮಾರೋಕೆ ಸುಳ್ಳು ಹೇಳೋ ಅಂಗಡಿಗಳೂ ಇವೆ. ಅದು ಪವರ್ ಕೊಡೋದಿಲ್ಲ, ನೀವು ದುಡ್ಡು ಕೊಟ್ಟು ಕೊಂಡ ಪವರನ್ನು ಹೆದರದೇ ಬಳಸೋ ಧೈರ್ಯ ಕೊಡುತ್ತೆ. ಬೇರಿಂಗಿಗೆ ಆಯಸ್ಸು ಕೊಡುತ್ತೆ. ಅಣಶಿ ಘಾಟಿನಲ್ಲಿ ಸಂಜೆ ಆರೂವರೆಗೆ ಅದರ ಬೆಲೆ ಎಷ್ಟು ಅಂತ ನನ್ನನ್ನು ಕೇಳಿ.

ಹಾಗಾದ್ರೆ ಎಲ್ಲ ಗಾಡಿಗೂ ಮಾಡಿಸಬೇಕಾ? ಬೇಡ. ಸಂತೆಗೆ ಹೋಗಿಬರೋ ಡೀಸೆಲ್ ಜೀಪು, 2500 ಆರ್‌ಪಿಎಮ್ ದಾಟದ್ದು, ಎಲ್ಲ ಭಾಗ ಅದರದ್ದೇ ಇದ್ದರೆ ರಾಡು-ಪಿಸ್ಟನ್ ತೂಗಿ ನೋಡಿ ಸಾಕು. ವರ್ಗದ ಲೆಕ್ಕ ಇಲ್ಲಿ ನಿಮ್ಮ ಪರವಾಗಿದೆ. ಆದರೆ ಕೆಂಪು ಗೆರೆವರೆಗೂ ಎಳೆಯೋ ಇಂಜಿನ್ ಕಟ್ಟಿಸ್ತೀನಿ ಅಂತ ಹೊರಟವನಿಗೆ ಇದು ಆಯ್ಕೆ ಅಲ್ಲ. ಕೆ-1000 ರ‍್ಯಾಲಿಗೋ ಚಿಕ್ಕಮಗಳೂರಿನ ಕಾಫಿತೋಟದ ರ‍್ಯಾಲಿಗೋ ಗಾಡಿ ಇಳಿಸೋರು ಇಂಜಿನ್ನನ್ನು ನಿಮಿಷಗಟ್ಟಲೆ ಮೇಲಿನ ವೇಗದಲ್ಲೇ ಹಿಡಿದಿರ್ತಾರೆ. ಅಲ್ಲಿ ತಪ್ಪಿದ ಗ್ರಾಂ ಬಡ್ಡಿ ಸಮೇತ ವಸೂಲಿ ಮಾಡುತ್ತೆ. ನಮ್ಮ ಕಾಡು ರಸ್ತೆಗಳಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಏರು ಹತ್ತೋ ಜಿಪ್ಸಿಗಳ ವಿಷಯದಲ್ಲಂತೂ ಇದು ಒಬ್ಬನ ಶೋಕಿಯ ಮಾತೇ ಅಲ್ಲ. ಹಿಂದೆ ಆರು ಜನ ಕೂತಿರ್ತಾರೆ. ರಾಡು ಮುರಿದು ಬ್ಲಾಕ್ ಒಡೆದು ಎಣ್ಣೆ ಹಿಂದಿನ ಚಕ್ರದ ಕೆಳಗೆ ಚೆಲ್ಲಿದರೆ, ಘಾಟಿನ ತಿರುವು ‘ನಡೀತೈತಿ’ ಅನ್ನೋದಿಲ್ಲ.

ಕೆಲಸ ಏನು ಬ್ರಹ್ಮವಿದ್ಯೆನಾ? ಅಲ್ಲ, ಕೇಳಿ. ನಾಲ್ಕು ಪಿಸ್ಟನ್ ತೂಗಿ. ಅತಿ ಹಗುರದ್ದಕ್ಕೆ ಉಳಿದ ಮೂರನ್ನೂ ಇಳಿಸಿ. ಲೋಹ ತೆಗೆಯೋದು ಒಳಗಡೆ, ಪಿನ್ನು ಕೂರುವ ದಪ್ಪ ಜಾಗದ ಕೆಳಗೆ. ತಲೆಯ ಮೇಲಲ್ಲ, ರಿಂಗು ಕೂರುವ ಕಡೆಗಂತೂ ಕೈ ಹಚ್ಚಬಾರದು. ರಾಡಿನ ಒಟ್ಟು ತೂಕ ಸಾಲದು, ಎರಡೂ ತುದಿ ಬೇರೆಬೇರೆ ತೂಗಬೇಕು. ಒಂದು ತುದಿಯನ್ನು ತೂಗುಹಾಕಿ, ಇನ್ನೊಂದನ್ನು ತಕ್ಕಡಿ ಮೇಲಿಟ್ಟು, ರಾಡು ಅಡ್ಡಕ್ಕೆ ಮಟ್ಟವಾಗಿರೋ ಹಾಗೆ. ದೊಡ್ಡ ತುದಿ ಕ್ರ್ಯಾಂಕಿನ ಜೊತೆ ಸುತ್ತುತ್ತೆ, ಸಣ್ಣ ತುದಿ ಪಿಸ್ಟನ್ನಿನ ಜೊತೆ ಏರಿಳಿಯುತ್ತೆ, ಎರಡರ ಲೆಕ್ಕ ಬೇರೆ. ನನ್ನ ಆ ಕಳ್ಳ ರಾಡಿನಲ್ಲಿ 18ರಲ್ಲಿ 13 ಗ್ರಾಂ ದೊಡ್ಡ ತುದಿಯಲ್ಲೇ ಇತ್ತು. ತಾಮ್ರ ಕಂಡ ಬೇರಿಂಗೂ ಅದರದ್ದೇ.

ಫ್ಲೈವ್ಹೀಲ್ ತೆಳ್ಳಗಿನ ಚಕ್ರ. ಅದನ್ನು ನೇರವಾದ ಶಾಫ್ಟಿಗೆ ಹಾಕಿ, ಮಟ್ಟ ಹಿಡಿದ ಎರಡು ಹಳಿಗಳ ಮೇಲಿಟ್ಟರೆ ಭಾರದ ಕಡೆ ತಾನೇ ಕೆಳಗೆ ಬಂದು ನಿಲ್ಲುತ್ತೆ. ದೊಡ್ಡ ತಪ್ಪನ್ನು ನಮ್ಮೂರ ಲೇತ್ ಅಂಗಡಿಯಲ್ಲೇ ಹಿಡೀಬಹುದು. ಕ್ರ್ಯಾಂಕಿಗೆ ಮಾತ್ರ ಯಂತ್ರವೇ ಬೇಕು. ಅದು ಉದ್ದ ಇರೋದರಿಂದ ಈ ತುದಿಯಲ್ಲಿ ಮೇಲೆ ಭಾರ, ಆ ತುದಿಯಲ್ಲಿ ಕೆಳಗೆ ಭಾರ ಇರಬಹುದು. ಹಳಿ ಮೇಲೆ ಅದು ಸಾಧುವಿನ ಹಾಗೆ ಸುಮ್ಮನೆ ಕೂರುತ್ತೆ, ತಿರುಗಿಸಿದರೆ ಎರಡೂ ತುದಿ ಎದುರುಬದುರು ಒದೆಯುತ್ತವೆ. ಯಂತ್ರ ಅದನ್ನು ನಿಮಿಷಕ್ಕೆ ಕೆಲವು ನೂರು ಸುತ್ತು ತಿರುಗಿಸಿ, ಯಾವ ತುದಿಯಲ್ಲಿ, ಯಾವ ಕೋನದಲ್ಲಿ, ಎಷ್ಟು ಗ್ರಾಂ ಅಂತ ಬರೆದು ತೋರಿಸುತ್ತೆ. ಅಲ್ಲಿ ಡ್ರಿಲ್ ಮಾಡಬೇಕು. ಆಮೇಲೆ ಮುಂದಿನ ಪುಲ್ಲಿ, ಹಿಂದೆ ಫ್ಲೈವ್ಹೀಲು, ಅದರ ಮೇಲೆ ಕ್ಲಚ್ಚಿನ ಪ್ರೆಶರ್ ಪ್ಲೇಟು, ಒಂದೊಂದೇ ಸೇರಿಸಿ ಮತ್ತೆ ನೋಡಬೇಕು. ಕೊನೆಗೆ ಪ್ಲೇಟು ಯಾವ ಕಡೆ ಕೂತಿತ್ತು ಅಂತ ಪಂಚಿನಿಂದ ಗುರುತು. ನಾಳೆ ಕ್ಲಚ್ ಬದಲಿಸೋ ಹುಡುಗ ಅದನ್ನು ತಿರುಗಿಸಿ ಕೂರಿಸಿದರೆ ಎಲ್ಲ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು.

ಇಷ್ಟೇ ವಿದ್ಯೆ. ಇದು ಕಾಲೇಜಿನಲ್ಲೂ ಇದೆ. ಹಳಿಯಾಳದಲ್ಲೇ ಕೆಎಲ್ಎಸ್ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜಿದೆ. ವಿಟಿಯು ಮೆಕ್ಯಾನಿಕಲ್ ಓದಿದ ಯಾವ ಹುಡುಗ ಹುಡುಗಿಯನ್ನು ಕೇಳಿದರೂ, ತಿರುಗುವ ದ್ರವ್ಯರಾಶಿಗಳ ಸಮತೋಲನ ಅಂತ ಒಂದು ಪಾಠ, ಬಲಗಳ ಬಹುಭುಜ ಎಳೆಯೋದು, ಪರೀಕ್ಷೆಗೆ ಗ್ಯಾರಂಟಿ ಪ್ರಶ್ನೆ ಅಂತ ಹೇಳ್ತಾರೆ. ಪೆನ್ಸಿಲ್ಲು ಚೂಪು ಮಾಡಿಕೊಂಡು ಬಹುಭುಜ ಎಳೆದು ಅಂಕ ತಗೊಂಡು ಪುಣೆ ಬಸ್ಸು ಹತ್ತುತ್ತಾರೆ. ಒಂದೆರಡು ಮೈಲಿ ಆಚೆಯ ಗ್ಯಾರೇಜಿನಲ್ಲಿ, ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದ ಹುಡುಗ ಅದೇ ಬಹುಭುಜದ ಮೇಲೆ ಕೂತು ಬೋಲ್ಟು ಬಿಗೀತಿರ್ತಾನೆ, ಅದರ ಹೆಸರು ಗೊತ್ತಿಲ್ಲದೆ. ಇದು ದೂರಲ್ಲ, ಬೇಡಿಕೆ. ಊರಿನ ಕಾಲೇಜು, ಐಟಿಐ, ಮಿಲ್ಲಿನಿಂದ ನಿವೃತ್ತರಾದ ನಮ್ಮ ಮಾವನಂಥ ಫಿಟರುಗಳು ಸೇರಿ ತಿಂಗಳಿಗೊಂದು ಶನಿವಾರ ಮಿಸ್ತ್ರಿಗಳಿಗೆ ಬಾಗಿಲು ತೆರೆದರೆ ಏನು ಕಳಕೊಳ್ತೀವಿ? ವಿದ್ಯೆ ಗೇಟಿನ ಒಳಗೇ ಉಳಿದು, ಗೇಟಿನ ಹೊರಗೆ ‘ನಡೀತೈತಿ’ ಬೆಳೀತಾ ಇದೆ.

ಗಿರಾಕಿಗಳಿಗೆ ನನ್ನ ಬೇಡಿಕೆ ಇನ್ನೂ ಸಣ್ಣದು. ಬಂಗಾರದಂಗಡಿಯಲ್ಲಿ ಉಂಗುರ ಕೊಂಡರೆ ತೂಕ ಬರೆದ ಚೀಟಿ ಇಲ್ಲದೆ ಅಂಗಡಿ ಬಿಟ್ಟು ಏಳ್ತೀರಾ? ಲಕ್ಷ ಕೊಟ್ಟು ಇಂಜಿನ್ ಕಟ್ಟಿಸುವಾಗ ಯಾಕೆ ಕೇಳೋದಿಲ್ಲ? ಒಂದು ಚೀಟಿ ಸಾಕು. ನಾಲ್ಕು ಪಿಸ್ಟನ್, ನಾಲ್ಕು ಪಿನ್ನು, ನಾಲ್ಕು ರಾಡಿನ ದೊಡ್ಡ ತುದಿ ಸಣ್ಣ ತುದಿ, ಎಲ್ಲದರ ತೂಕ, ಮೊದಲು ಎಷ್ಟು ಆಮೇಲೆ ಎಷ್ಟು. ಕ್ರ್ಯಾಂಕು ಮತ್ತು ಫ್ಲೈವ್ಹೀಲಿಗೆ ಯಂತ್ರ ತೋರಿಸಿದ ಅಂಕಿ. ಕೊಡೋಕಾಗಲ್ಲ ಅಂದ್ರೆ ಫ್ಲೈವ್ಹೀಲ್ ಕೆತ್ತಿಸೋ ಕೆಲಸವನ್ನೂ ಅವರಿಗೆ ಕೊಡಬೇಡಿ. ಅಷ್ಟೂ ದುಡ್ಡಿಲ್ಲ ಅಂದ್ರೆ ಎಕ್ಸಾಸ್ಟು ಬಿಡಿ, ಲೈಟು ಬಿಡಿ, ಇದನ್ನು ಬಿಡಬೇಡಿ.

ನನ್ನ ಜಿಪ್ಸಿ ಈಗ ಓಡ್ತಾ ಇದೆ. ಫ್ಲೈವ್ಹೀಲು ಉಳೀತು, ಕ್ರ್ಯಾಂಕು ಒಂದು ಸೈಜು ಗ್ರೈಂಡ್ ಆಯ್ತು, ನಾಲ್ಕೂ ರಾಡು ಅರ್ಧ ಗ್ರಾಂ ಒಳಗೆ ಬಂದವು. 5500ಕ್ಕೆ ಎಳೆದರೂ ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರು ಓದಬಹುದು. ಇಂಜಿನ್ ಜೋಡಿಸಿದವನು ಅವತ್ತು ಮೌಂಟಿಂಗ್ ಬದಲಿಸಿದ್ದ ನಮ್ಮೂರ ಮಿಸ್ತ್ರಿಯೇ. ಮಾವ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು.

ಹೋದ ವಾರ ಆಯಿಲ್ ಬದಲಿಸೋಕೆ ಹೋದಾಗ ಅವನ ಮೇಜಿನ ಮೇಲೆ ಒಂದು ಡಿಜಿಟಲ್ ತಕ್ಕಡಿ ಕಂಡಿತು. ಧೂಳು ಬೀಳದ ಹಾಗೆ ಮೇಲೊಂದು ಪ್ಲಾಸ್ಟಿಕ್ ಡಬ್ಬಿ ಕವುಚಿದ್ದ. ಯಾರದೋ ಎಸ್ಟೀಮಿನ ನಾಲ್ಕು ಪಿಸ್ಟನ್ನು ಸಾಲಾಗಿ ಕೂತಿದ್ದವು, ತಲೆ ಮೇಲೆ ಮಾರ್ಕರಿನಲ್ಲಿ ಬರೆದ ಅಂಕಿ.

‘ಏನಪ್ಪಾ, ಗಿರಾಕಿ ಒಪ್ಪಿದ್ರಾ?’ ಅಂದೆ.

‘ಇಲ್ರಿ ಸರ, ಅವ್ರು ನಡೀತೈತಿ ಬಿಡು ಅಂದ್ರು’ ಅಂದ. ‘ನಾನss ಬ್ಯಾಡ ಅಂದೆ. ತೂಕದ ಚೀಟಿಗೆ ಬ್ಯಾರೆ ಚಾರ್ಜ್ ಹಾಕ್ತೀನಿ ಅಂತ ಹೇಳಿ ಕಳಿಸೀನಿ.’